ಪಟ್ಟಿಗೆ ಬಾರದ ರಕ್ತದಾನಿಗಳು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸಿಸ್ಟಮ್ಸ್ ಅಧಿಕಾರಿಯಾಗಿದ್ದೆ. ತಿರುವನಂತಪುರದಲ್ಲಿದ್ದ ನಮ್ಮ ಹಳೆಯ ಸರ್ವರಿನ ಡೇಟಾಬೇಸ್‌ಗಳನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ತ್ರಿಪ್ಪುಣಿತ್ತುರದ ಮನೆಯಿಂದ ವಾರವಾರವೂ ರೈಲಿನಲ್ಲಿ ಓಡಾಡಿ ಸೊಂಟ ಸೋತುಹೋಗಿತ್ತು.

ಸರ್ವರಿನಲ್ಲಿ ಏನೇನಿದೆ ಎಂದು ತಿಳಿಯಲು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಕ್ಕದೊಂದು ವೆಬ್ ಪುಟ ಬರೆದಿದ್ದೆ. ಅದು ‘ಶೋ ಡೇಟಾಬೇಸಸ್’ ಎಂಬ ಆಜ್ಞೆ ಕಳಿಸಿ, ಬಂದ ಹೆಸರುಗಳನ್ನು ಬ್ರೌಸರಿನಲ್ಲಿ ತೋರಿಸುತ್ತಿತ್ತು. ಅವೆಲ್ಲ ಹೊಸ ಸರ್ವರ್ ಸೇರಿದ್ದವು. ಕೊನೆಯ ಕೆಲಸಕ್ಕೆಂದು ನಾನು ತಿರುವನಂತಪುರಕ್ಕೆ ಹೋಗಿದ್ದ ದಿನ ಮಧ್ಯಾಹ್ನ ಹಳೆಯ ಡಿಸ್ಕ್ ಅಳಿಸುವುದಿತ್ತು.

ಅಷ್ಟರಲ್ಲಿ ಅಲ್ಲಿನ ಒಂದು ಆಸ್ಪತ್ರೆಯ ರಕ್ತನಿಧಿಯಿಂದ ಸಿಸ್ಟರ್ ಜೆಸ್ಸಿ ಫೋನ್ ಮಾಡಿದರು. ಅಪರೂಪದ ಗುಂಪಿನ ದಾನಿಗಳನ್ನು ಹುಡುಕುವ ಅವರ ಪುಟವೂ ನಮ್ಮ ಸರ್ವರಿನಲ್ಲೇ ಇತ್ತಂತೆ. ಮರುದಿನ ಒಬ್ಬ ಗರ್ಭಿಣಿಗೆ ಶಸ್ತ್ರಚಿಕಿತ್ಸೆ. ಹೊಂದುವ ರಕ್ತ ನಿಧಿಯಲ್ಲಿಲ್ಲ. ಒಬ್ಬೊಬ್ಬ ದಾನಿಯನ್ನೇ ಹುಡುಕಿ ಕರೆಯುತ್ತಿದ್ದಾಗ ಹಳೆಯ ಸರ್ವರ್ ಅಂದೇ ನಿಲ್ಲುತ್ತದೆ ಎಂಬ ನಮ್ಮ ಸೂಚನೆ ಕಂಡಿದ್ದರು. “ಸಾರೇ, ಇಪ್ಪೋ ಆಫ್ ಆಕ್ಕಲ್ಲೇ,” ಎಂದರು. ಈಗಲೇ ನಿಲ್ಲಿಸಬೇಡಿ ಎಂದು.

ನನ್ನ ಪುಟದಲ್ಲಿ ಅಂಥ ಹೆಸರೇ ಇರಲಿಲ್ಲ. ಆದರೆ ಅವರ ಪುಟ ಅವರ ಕಣ್ಣೆದುರೇ ಕೆಲಸ ಮಾಡುತ್ತಿತ್ತು. ಕೊಚ್ಚಿಯಲ್ಲಿದ್ದ ಮೇಲಧಿಕಾರಿಗೆ ಫೋನ್ ಮಾಡಿ, ಅಳಿಸುವುದನ್ನು ತಡೆಯುತ್ತೇನೆ ಎಂದೆ. ಅವರು ಧಾರವಾಡದವರು; ನನ್ನಷ್ಟೇ ದಣಿದಿದ್ದರು.

“ಪಟ್ಟಿಯೊಳಗ ಇಲ್ಲಂದ್ರ ಇಲ್ರೀ. ಇನ್ನೂ ಎಷ್ಟು ದಿನಾ ಎಳೀತೀರಿ?”

“ಇಲ್ಲ ಅಂತಲ್ಲ ಸಾರ್. ನಮಗೆ ಕಾಣಿಸ್ತಿಲ್ಲ.”

ಆ ಆಜ್ಞೆ, ಕೇಳುವ ಖಾತೆಗೆ ಅನುಮತಿಯಿರುವ ಡೇಟಾಬೇಸ್‌ಗಳನ್ನು ಮಾತ್ರ ತೋರಿಸುತ್ತದೆ. ನನ್ನ ಪುಟಕ್ಕೆ ಭದ್ರತೆಗೆಂದು ಕೊಟ್ಟಿದ್ದ ಖಾತೆಗೆ ಅನುಮತಿಗಳು ಕಡಿಮೆ. ಸರ್ವರ್ ನೋಡಿಕೊಳ್ಳುತ್ತಿದ್ದ ಬೀನಾ, ತಮ್ಮ ಬಳಿಯಿದ್ದ ಅಡ್ಮಿನ್ ಖಾತೆಯಿಂದ ಅದೇ ಆಜ್ಞೆ ಕೊಟ್ಟರು. ಇನ್ನೂ ಕೆಲವು ಹೆಸರುಗಳು ಇಳಿದುಬಂದವು. “ಇತಾ, ಉಂಡಲ್ಲೋ,” ಇಗೋ ಇದೆಯಲ್ಲ, ಎಂದು ದಾನಿಗಳ ಡೇಟಾಬೇಸ್ ಮೇಲೆ ಬೆರಳಿಟ್ಟರು.

ಅಂದು ಏನನ್ನೂ ಅಳಿಸಲಿಲ್ಲ. ಉಳಿದವನ್ನು ನಕಲಿಸಿ ಮುಗಿಸುವಾಗ ಸಂಜೆಯಾಯಿತು. ವಿಳಂಬಕ್ಕೆ ವಿವರಣೆ ಕೇಳಿ ಮೇಲಧಿಕಾರಿಯ ಮೇಲ್ ಬಂತು. ಉತ್ತರ ಬರೆಯುವ ತ್ರಾಣವಿಲ್ಲದೆ ರೈಲು ಹತ್ತಿ ಕೂತಲ್ಲೇ ನಿದ್ದೆಹೋದೆ. ಅಲ್ಲಿನ ಚಾಲೈ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ರಕ್ತ ಕೊಟ್ಟರೆಂದೂ, ತಾಯಿ ಮತ್ತು ಹೆಣ್ಣುಮಗು ಚೆನ್ನಾಗಿದ್ದಾರೆಂದೂ ಮರುದಿನ ಸಿಸ್ಟರ್ ತಿಳಿಸಿದರು.

ಆಮೇಲೆ ನಾನು ಬರೆದ ಪ್ರತಿ ವರದಿಯ ಕೊನೆಯಲ್ಲೂ ಒಂದು ಸಾಲು ಸೇರಿಸುತ್ತಿದ್ದೆ: ‘ಇವು ಈ ಖಾತೆಗೆ ಕಂಡವು ಮಾತ್ರ.’ ವರದಿ ಅಪೂರ್ಣವೆನಿಸುತ್ತದೆ ಎಂದು ಮೇಲಿನವರು ಗೊಣಗುತ್ತಿದ್ದರು. ಅಪೂರ್ಣವೇ ಹೌದು ಎನ್ನುತ್ತಿದ್ದೆ.