ನೀರು ಕೇಳದ ಗಿಡ

ಇಂಡಿ ಪಟ್ಟಣದ ಬಜಾರಿನಲ್ಲಿ ಲಿಂಬೆಹಣ್ಣಿನ ದಲಾಲಿ ಮಾಡಿಯೇ ತಲೆ ನರೆಸಿಕೊಂಡ ನಬಿಲಾಲನಿಗೆ ಹಣ್ಣು ಬಿಡುವ ಗಿಡಗಳೆಂದರೆ ಬೇಸರ ಬಂದುಬಿಟ್ಟಿತ್ತು. ದಂಧೆಯನ್ನು ಮಗನಿಗೊಪ್ಪಿಸಿದವನೇ ವಿಜಯಪುರದ ನರ್ಸರಿಯಿಂದ ಒಂದು ಸೈಕಸ್ ಗಿಡ ತಂದು, ತಲಬಾಗಿಲ ಪಕ್ಕದ ಕುಂಡದಲ್ಲಿ ಅದಕ್ಕೆ ಪಟ್ಟ ಕಟ್ಟಿದ. ಅನಾನಸಿನಂಥ ಗಿಡ್ಡ ಬೊಡ್ಡೆ, ನೆತ್ತಿಯ ಮೇಲೆ ಸುತ್ತಲೂ ಹರಡಿದ ಗರಿ, ಗರಿಯ ತುದಿಗೆಲ್ಲ ಸೂಜಿ. ಡೈನೋಸಾರುಗಳ ಕಾಲದ ವಂಶ ಎಂದು ನರ್ಸರಿಯವನು ಹೇಳಿದ್ದ. ಮುತ್ತಜ್ಜನಿಂದಾಚೆ ತನ್ನ ವಂಶವೇ ಗೊತ್ತಿಲ್ಲದ ನಬಿಲಾಲ ಈ ಮಾತನ್ನು ಊರಿಗೆಲ್ಲ ಹಂಚಿದ.

ಹೆಂಡತಿ ಶಮ್ಶುನ್ನೀಸಾ ಗಿಡವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಹೂವಿಲ್ಲ, ಹಣ್ಣಿಲ್ಲ, ನೆರಳಿಲ್ಲ. ಮುಟ್ಟಿದ್ರ ಚುಚ್ಚತೈತಿ. ಇಂಥವ್ರು ಮನ್ಯಾಗ ಒಬ್ರು ಇದ್ದದ್ದು ಸಾಲಲಿಲ್ಲೇನ್ರಿ?"

ಅವಳ ಸಿಟ್ಟಿಗೆ ಕಾರಣವಿತ್ತು. ಆ ಜಾಗ ನಳಕ್ಕೆ ಹತ್ತಿರ. ನೀರು ಬಂದ ದಿನ ತುಂಬಿಡಲು ಅಲ್ಲೊಂದು ಬ್ಯಾರಲ್ ಇಡಬೇಕೆಂಬುದು ಅವಳ ಬಹುದಿನದ ಆಸೆ. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ರೋಹಿಣಿ ಮಳೆ ಬರುವುದರೊಳಗೆ ಹೊಸ ಗರಿ ಬಂದರೆ ಅಲ್ಲಿ ಗಿಡ, ಬಾರದಿದ್ದರೆ ಬ್ಯಾರಲ್.

"ನೀರು ಹಾಕೂದು ಮರೀರಿ, ಗಿಡ ತಾನ ಬದುಕತೈತಿ," ಎಂದಿದ್ದ ನರ್ಸರಿಯವನು. ನಬಿಲಾಲ ದಿನಾ ಬೆಳಿಗ್ಗೆ ಹಕೀಮ ನಾಡಿ ಹಿಡಿದಂತೆ ಕುಂಡದ ಮಣ್ಣಿನೊಳಗೆ ಬೆರಳೂರಿ ನೋಡುತ್ತಿದ್ದ. ಹಸಿ ಇದ್ದರೆ ಹನಿ ನೀರೂ ಇಲ್ಲ. ನೀರು ಕೇಳದ ಗಿಡ ಬಂದಿದೆಯೆಂಬ ಸುದ್ದಿ ಹಬ್ಬಿತು. ನಳದ ದಾರಿ ಕಾಯುವುದರಲ್ಲೇ ಅರ್ಧ ಆಯುಷ್ಯ ಕಳೆದ ಜನ ಅದರ ದರ್ಶನಕ್ಕೆ ಬಂದರು. ಬಂದವರಿಗೆಲ್ಲ ರಿವಾಜಿನಂತೆ ಒಂದು ತುಣುಕು ಬೆಲ್ಲ, ಒಂದು ತಂಬಿಗೆ ತಣ್ಣೀರು.

ಹೀಗಿರುವಾಗ ಗರಿಗಳು ಹಳದಿಯಾಗತೊಡಗಿದವು.

ನಬಿಲಾಲನ ಮೊದಲ ಗುಮಾನಿ ನೆರೆಮನೆಯ ನಿವೃತ್ತ ಮಾಸ್ತರ ಬಸಂತರಾಯನ ಕಣ್ಣಿನ ಮೇಲೆ ಹೋಯಿತು. ದೃಷ್ಟಿ ತಾಕದಿರಲೆಂದು ಒಂದನೇ ದರ್ಜೆಯ ಲಿಂಬೆಹಣ್ಣು ಆರಿಸಿ, ಮೆಣಸಿನಕಾಯಿ ಪೋಣಿಸಿ ಗಿಡಕ್ಕೆ ಕಟ್ಟಿದ. ಹಳದಿ ಇಳಿಯಲಿಲ್ಲ. ಇನ್ನೂ ವಿಚಿತ್ರವೆಂದರೆ, ತಾನು ನೀರು ಮುಟ್ಟಿಸದಿದ್ದರೂ ಬೆರಳಿಗೆ ದಿನವೂ ಹಸಿ ಹತ್ತುತ್ತಿತ್ತು. ಎರಡನೇ ಗುಮಾನಿ ಬ್ಯಾರಲ್ ಪಕ್ಷದ ಮೇಲೆ ತಿರುಗಿತು.

"ನೀರು ಹಾಕಿ ಕೊಲ್ಲಾಕತ್ತೀಯೇನ?"

"ಕೊಲ್ಲಾಕಿ ಆಗಿದ್ರ ಗಿಡದಿಂದ ಸುರು ಮಾಡತಿದ್ನೇನ್ರಿ ನಾ?" ಎಂದಳು ಶಮ್ಶುನ್ನೀಸಾ, ಒಲೆಯ ಮೇಲಿನ ರೊಟ್ಟಿ ತಿರುವುತ್ತ.

ಉತ್ತರದಲ್ಲಿ ತರ್ಕವಿತ್ತು. ನಬಿಲಾಲ ಕಿಟಕಿಯ ಪರದೆಯ ಹಿಂದೆ ಕುರ್ಚಿ ಹಾಕಿ ಕೋಟೆ ಕಾಯುವ ಕಿಲ್ಲೇದಾರನಾದ. ಕಾಯಿಪಲ್ಲೆ ಮಾರುವ ತಿಪ್ಪವ್ವ ಬಂದಳು; ಬೆಲ್ಲ ತಿಂದು, ಅರ್ಧ ತಂಬಿಗೆ ಕುಡಿದು, ಉಳಿದದ್ದನ್ನು ಕುಂಡಕ್ಕೆ ಸುರಿದು ಹೋದಳು. ಬೆನ್ನಿಗೇ ಬಸಂತರಾಯ ಮಾಸ್ತರ ಬಂದ. "ಪಾಪ, ಭಾಳ ಬಾಡೇತಿ," ಎಂದು ಮರುಗಿ ಅವನೂ ತಂಬಿಗೆ ಬಗ್ಗಿಸಿದ.

ನಬಿಲಾಲ ಪರದೆ ಸರಿಸಿ ಹೊರಗೆ ಜಿಗಿದ. "ಮಾಸ್ತರ್ರ! ಸಿಕ್ಕಬಿದ್ರಿ!"

"ಏನ್ ಸಿಕ್ಕಬಿದ್ನಿ, ನಬಿಸಾಬ್ರ? ಕುಡಿಯೂ ನೀರು ಯಾರರ ರಸ್ತೇಕ್ಕ ಒಗೀತಾರೇನ್ರಿ? ಒಂದು ಜೀವಕ್ಕ ಹಾಕಿದ್ನಿ. ನಿಮ್ಮ ಗಿಡ, ಪುಣ್ಯ ನಿಮಗೂ ಪಾಲು."

ನಬಿಲಾಲನ ಉಪನ್ಯಾಸ ಶುರುವಾಯಿತು. ಬೇರು ಹೇಗೆ ಕೊಳೆಯುತ್ತದೆ, ದಾನ ಹೇಗೆ ವಿಷವಾಗುತ್ತದೆ, ಡೈನೋಸಾರುಗಳಿಂದಲೂ ಸಾಯದ ಗಿಡ ಇಂಡಿಯವರ ಪುಣ್ಯದಿಂದ ಹೇಗೆ ಸಾಯುತ್ತಿದೆ ಎಂದು ಸಾರುವಷ್ಟರಲ್ಲಿ ಗಂಟಲು ಆರಿತು. ಶಮ್ಶುನ್ನೀಸಾ ತಂಬಿಗೆ ಕೊಟ್ಟಳು. ಗಟಗಟನೆ ಕುಡಿದ. ಮಾತು ಮುಂದುವರಿಸುತ್ತಲೇ, ತಳದಲ್ಲಿ ಉಳಿದದ್ದನ್ನು ಕೈ ತಾನಾಗಿ ಕುಂಡಕ್ಕೆ ಸುರಿಯಿತು.

ಮಾಸ್ತರ ಕುಂಡದತ್ತ ಬೆರಳು ಮಾಡಿದ.

"ಈಗ ಯಾರ್ನ ಹಿಡೀತೀರಿ?" ಎಂದಳು ಶಮ್ಶುನ್ನೀಸಾ.

ಅಂದೇ ಶಸ್ತ್ರಚಿಕಿತ್ಸೆ ನಡೆಯಿತು. ಗಿಡ ಕಿತ್ತು, ಕೊಳೆತ ಬೇರನ್ನು ಚೂರಿಯಿಂದ ಕತ್ತರಿಸಿ, ಗಾಯ ಒಣಗುವ ತನಕ ನೆರಳಲ್ಲಿ ಮಲಗಿಸಿ, ಆಮೇಲೆ ಭೀಮಾ ಹೊಳೆಯ ಉಸುಕು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಯಾರ ತಂಬಿಗೆಯೂ ಏರದ ಮಾಳಿಗೆಗೆ ಸಾಗಿಸಿದ. ತೆರವಾದ ಜಾಗಕ್ಕೆ ನೀಲಿ ಬ್ಯಾರಲ್ ವಿಜಯೋತ್ಸವದೊಂದಿಗೆ ಬಂತು.

ರೋಹಿಣಿ ಮಳೆಗೆ ಇನ್ನೂ ಹೊತ್ತಿರುವಾಗಲೇ ಬೊಡ್ಡೆಯ ನೆತ್ತಿ ಬಿರಿಯಿತು. ಸುರುಳಿ ಸುತ್ತಿದ ಎಳೆ ಗರಿಗಳು ಒಟ್ಟಿಗೇ ಎದ್ದು ನಿಂತವು. ನಬಿಲಾಲ ಗೆದ್ದಿದ್ದ. ಕೂಗಿ ಹೇಳಲು ಮೆಟ್ಟಿಲ ತನಕ ಓಡಿದವನು ಅಲ್ಲೇ ನಿಂತ. ಹೇಳಿದರೆ ಜನ ನೋಡಲು ಬರುತ್ತಾರೆ. ಜನ ಬಂದರೆ ಬೆಲ್ಲ. ಬೆಲ್ಲದ ಹಿಂದೆ ತಂಬಿಗೆ.

ಸಂಜೆ ಬಸಂತರಾಯ ಬಂದು ಕಟ್ಟೆಯ ಮೇಲೆ ಕೂತ. "ಗಿಡ ಹೆಂಗೈತ್ರಿ, ನಬಿಸಾಬ್ರ?"

ನಬಿಲಾಲ ತಲೆ ತಗ್ಗಿಸಿದ. "ಹೋತ್ರಿ, ಮಾಸ್ತರ್ರ."

"ಅರೆರೆ! ಖರೇ ಹೇಳ್ತೇನಿ, ಅದಕ್ಕ ನೀರು ಕಡಿಮಿ ಬಿತ್ತು ನೋಡ್ರಿ."

ಶಮ್ಶುನ್ನೀಸಾ ನಗು ತಡೆಯಲು ಸೆರಗು ಬಾಯಿಗೊತ್ತಿ ಒಳಗೆ ಹೋದಳು. ಬಸಂತರಾಯ ಅರ್ಧ ತಂಬಿಗೆ ಕುಡಿದು, ಅಭ್ಯಾಸಬಲದಿಂದ ಮೊದಲು ಕುಂಡವಿದ್ದ ಮೂಲೆಯತ್ತ ಕೈ ಚಾಚಿದ. ಅಲ್ಲಿ ಮುಚ್ಚಳ ಹಾಕಿದ ಬ್ಯಾರಲ್ ಇತ್ತು. ಬೇರೆ ಹಾದಿ ಕಾಣದೆ ಉಳಿದ ನೀರನ್ನೂ ತಾನೇ ಕುಡಿದ. ನಬಿಲಾಲನೂ ಬಾಯಿ ತನಕ ಬಂದ ಬಡಾಯಿಯನ್ನು ಒಂದು ತುಣುಕು ಬೆಲ್ಲದೊಡನೆ ನುಂಗಿದ.