ಬದುವಿನ ಮೇಲೆ ಬಿದ್ದ ಕಾಯಿ

ಕೆಲಸಕ್ಕೆ ಸೇರಿದ ದಿನ ಪ್ರಯೋಗಾಲಯದವರು ಒಂದು ಚಮಚದಷ್ಟು ಕಡಲ ನೀರು ಮುಂದಿಟ್ಟು, ಇದರಲ್ಲಿ ಎಷ್ಟು ಜೀವಗಳಿವೆ ಎಣಿಸು ಎಂದರು. ನಾನು ಬಯಲುಸೀಮೆಯ ಶೆಟ್ಟಿಕೆರೆಯವಳು. ಕಾಲೇಜಿನ ಪ್ರವಾಸದಲ್ಲಿ ಒಮ್ಮೆ ಕಾಲದ್ದಿದ್ದು ಬಿಟ್ಟರೆ ನನಗೂ ಕಡಲಿಗೂ ನಂಟಿರಲಿಲ್ಲ. ಈಗ ನಾರ್ವೆಯ ಉತ್ತರದ ಈ ಊರಿನಲ್ಲಿ, ಸೂರ್ಯ ಹುಟ್ಟದ ‘ಮೊರ್ಕೆತೀದ್’ ಎಂಬ ಎರಡು ತಿಂಗಳಲ್ಲಿ, ಹಿಮಗಡಲಿನ ಸೂಕ್ಷ್ಮಜೀವಿಗಳನ್ನು ಎಣಿಸುವುದೇ ನನ್ನ ಹೊಟ್ಟೆಪಾಡು.

ಎಣಿಕೆಗೆ ಇಲ್ಲಿ ಎರಡು ದಾರಿ. ಒಂದು ನನ್ನ ಕಣ್ಣು: ನೀರು ಸೋಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಚೌಕಗಳಲ್ಲಿ ಹೊಳೆಯುವ ಚುಕ್ಕೆಗಳನ್ನು ಎಣಿಸುವುದು. ಇನ್ನೊಂದು, ನೀರನ್ನು ನೂಲಿನಂತೆ ಹರಿಸಿ ಲೇಸರ್ ಬೆಳಕಿನಲ್ಲಿ ತಾನೇ ಎಣಿಸುವ ಯಂತ್ರ. ಎರಡೂ ಹೆಚ್ಚುಕಡಿಮೆ ತಾಳೆಯಾಗಬೇಕು. ಪ್ರತಿ ಸಲವೂ ನನ್ನದೇ ಕಡಿಮೆ. ನನ್ನ ಮೇಲಧಿಕಾರಿ ಇಂಗ್ರಿಡ್ ಮೆಲ್ಲಗೆ ಹೇಳಿದರು: “ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ಕಣ್ಣೆಣಿಕೆ ನಿಲ್ಲಿಸುತ್ತೇವೆ.” ಅದು ನಿಂತರೆ ನನ್ನ ಕೆಲಸವೂ ಹೋಯಿತು, ಇಲ್ಲಿರುವ ಪರವಾನಗಿಯೂ ಹೋಯಿತು. ಊರಿನಲ್ಲಾದರೆ ಮುಖ ಕಂಡವರೇ “ಏನಾಯ್ತವ್ವ?” ಎನ್ನುತ್ತಿದ್ದರು, ಇಲ್ಲಿ ಕೇಳದಿರುವುದೇ ಮರ್ಯಾದೆ.

ಗುರುವಾರ ಇಂಗ್ರಿಡ್ ನನ್ನ ಎಣಿಕೆಯನ್ನು ನೋಡುತ್ತಾ ಪಕ್ಕದಲ್ಲೇ ಕುಳಿತರು. ಮೊದಲ ಚುಕ್ಕೆಗೆ ಊರಿನ ರೂಢಿಯಂತೆ ಒಂದು ಎನ್ನದೆ ‘ಲಾಭ’ ಎಂದುಕೊಂಡೆ. ಆಮೇಲೆ ಎರಡು, ಮೂರು.

“ಚೌಕದ ಗೆರೆಯ ಮೇಲಿರುವವನ್ನು ಏಕೆ ಬಿಟ್ಟೆ?” ಎಂದರು.

“ಅವು ಯಾರವೂ ಅಲ್ಲವಲ್ಲ!” ಎಂದುಬಿಟ್ಟೆ.

ಹೇಳಿದ ಮೇಲೆ ತಪ್ಪು ಹೊಳೆಯಿತು. ನಮ್ಮ ತೋಟಕ್ಕೂ ಪಕ್ಕದ ನಂಜಪ್ಪ ಮಾವನ ತೋಟಕ್ಕೂ ನಡುವೆ ಇರುವ ಬದುವಿನ ಮೇಲೆ ಬಿದ್ದ ತೆಂಗಿನಕಾಯಿಯನ್ನು ಎರಡೂ ಮನೆಯವರು ಎಣಿಸುವುದಿಲ್ಲ. ಅದು ದಾರಿಹೋಕರ ಪಾಲು. ಜಗಳ ಬೇಡವೆಂದು ತಾತಂದಿರು ಆಡಿಕೊಂಡ ಮಾತು. ತೋಟದ ಕಾಯಿರಾಶಿಗಳನ್ನು ಹಾಗೆ ಎಣಿಸುತ್ತಲೇ ಬೆಳೆದವಳು ನಾನು. ಎಡಗೆರೆ, ಮೇಲ್ಗೆರೆ ಮುಟ್ಟಿದ್ದು ಒಳಗೆ, ಉಳಿದೆರಡು ಗೆರೆಯದು ಹೊರಗೆ ಎಂದು ಇಲ್ಲಿ ಮೊದಲ ವಾರವೇ ಕಲಿಸಿದ್ದರು. ತಲೆ ಕಲಿತಿತ್ತು, ಕಣ್ಣು ಕಲಿತಿರಲಿಲ್ಲ.

ಎಲ್ಲವನ್ನೂ ಮತ್ತೆ ಎಣಿಸಿದೆ. ಶುಕ್ರವಾರ ಮಧ್ಯಾಹ್ನ ಎರಡು ಲೆಕ್ಕಗಳೂ ಹತ್ತಿರ ಬಂದವು. ಇಂಗ್ರಿಡ್ ಬೆನ್ನು ತಟ್ಟಿದಾಗ ಅಳು ತಡೆಯಲಾಗಲಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. “ಬದಿನ ಮ್ಯಾಲಿನ ಕಾಯ್ನೂ ಬುಡಾಕಿಲ್ವಾ ಅವ್ರು!” ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, “ಮನೇಲಿ ಎಷ್ಟು ಜನ ಅಂತ ಬರ್ಕೊಳೋರು ಬಂದಿದ್ರು ಕಣವ್ವ. ನಿನ್ನ ಸೇರಿಸ್ಲೋ ಬುಡ್ಲೋ ಗೊತ್ತಾಗ್ದೆ, ನಾಳೆ ಬನ್ನಿ ಅಂದಿವ್ನಿ” ಎಂದರು.

ಇಲ್ಲಿನ ನಿವಾಸಿಗಳ ಪಟ್ಟಿಗೆ ನನ್ನ ಹೆಸರು ಸೇರಿ ತಿಂಗಳಾಗಿತ್ತು. ಒಂದನ್ನೇ ಎರಡು ಕಡೆ ಎಣಿಸಿದರೆ ಲೆಕ್ಕ ಕೆಡುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಸೇರಿಸಪ್ಪ” ಎಂದೆ.