ಅಂಚೆ ಕಪ್ಪೆಯ ಬಾಯಿ

ಮಕ್ಕಳ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಒಂದು ಕಪ್ಪೆ ಅಂಚೆ ಹಂಚುತ್ತಿತ್ತು. ಹೆಗಲಿಗೆ ಚೀಲ, ಮುಖದ ತುಂಬ ಬಾಯಿ, ಬಾಯಿ ತುಂಬ ನಗು. ಅದನ್ನು ಬರೆಯುತ್ತಿದ್ದಾಕೆಯನ್ನು ಪತ್ರಿಕೆಯವರೂ ಅಕ್ಕಪಕ್ಕದವರೂ ಚಿತ್ರದತ್ತೆ ಎಂದೇ ಕರೆಯುತ್ತಿದ್ದರು. ಮನೆಯಲ್ಲಿದ್ದವರು ಇಬ್ಬರೇ: ಆಕೆ, ಮತ್ತು ಹೆಡ್‌ಮಿಸ್ ಆಗಿ ನಿವೃತ್ತಳಾಗಿದ್ದ ಅಕ್ಕ.

ಚಿತ್ರದತ್ತೆಗೆ ಯಾರೂ ಚಿತ್ರ ಕಲಿಸಿರಲಿಲ್ಲ. ಕಪ್ಪೆ ಅತ್ತರೆ ಆಕೆಯ ತುಟಿ ಜೋಲುತ್ತಿತ್ತು, ಕಪ್ಪೆ ಹೆದರಿದರೆ ಆಕೆಯ ಹುಬ್ಬು ಹಣೆಗೇರುತ್ತಿತ್ತು. ಮುಖ ಮಾಡಿದ್ದನ್ನು ಕೈ ಗೆರೆಯಾಗಿಸುತ್ತಿತ್ತು. ಇದು ಆಕೆಗೇ ತಿಳಿದಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕನಿಗೆ ತಿಳಿದಿತ್ತು. "ಶುರುವಾಯ್ತಪ್ಪಾ ಇವಳ ಕೋತಿ ಚೇಷ್ಟೆ" ಎಂದು ಗೊಣಗಿಕೊಂಡು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಅರ್ಧ ಮುಖ ಸೋತಿತ್ತು. ನರದ ತೊಂದರೆ, ಸರಿಹೋಗಲು ತಿಂಗಳುಗಳೇ ಬೇಕು ಎಂದರು ಡಾಕ್ಟರು. ಕೈ ಉಳಿಯಿತಲ್ಲ, ಅದೇ ದೇವರ ದಯೆ ಎಂದುಕೊಂಡು ಆಕೆ ಮತ್ತೆ ಚಿತ್ರ ಬರೆಯುವ ಹಲಗೆಯ ಮುಂದೆ ಕೂತಳು.

ಮೂರನೇ ವಾರ ಸಂಪಾದಕರೇ ಮನೆಗೆ ಬಂದರು. ಪುಟವನ್ನು ಮೇಜಿನ ಮೇಲೆ ಬಿಡಿಸಿಟ್ಟು ತಲೆ ತುರಿಸಿಕೊಂಡರು.

"ಅತ್ತೆ, ತಪ್ಪು ತಿಳ್ಕೋಬೇಡಿ. ಕಪ್ಪೆ ಬಾಯಿ ಯಾಕೋ ಸೊಟ್ಟಗಿದೆ. ನಕ್ಕರೆ ಅಣಕಿಸಿದ ಹಾಗೆ ಕಾಣತ್ತೆ. ಶುಕ್ರವಾರದೊಳಗೆ ಸರಿಯಾದ ಪುಟ ಬರದಿದ್ರೆ ಬೇರೆಯವರ ಕೈಲಿ ಬರೆಸಬೇಕಾಗತ್ತೆ."

ಅವರು ಹೋದ ಮೇಲೆ ಚಿತ್ರದತ್ತೆ ಪುಟವನ್ನು ಬೆಳಕಿಗೆ ಹಿಡಿದಳು. ಎಂಟು ಚೌಕಗಳಲ್ಲೂ ಕಪ್ಪೆಯ ಬಾಯಿ ಎಡಕ್ಕೆ ಇಳಿಬಿದ್ದಿತ್ತು. ಹಳೆಯ ಪುಟ ನೋಡಿ ನಕಲು ಮಾಡಿದಳು. ಗೆರೆ ನೆಟ್ಟಗೆ ಬಂತು, ನಗು ಬರಲಿಲ್ಲ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಕಾಲಡಿಯೆಲ್ಲ ಉಂಡೆ ಕಟ್ಟಿದ ಕಾಗದ.

ಅಕ್ಕ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. "ನಿನ್ನ ಮುಖ ರಜೆ ಹಾಕಿದೆ. ನನ್ನದು ನೋಡ್ಕೊಂಡು ಬರಿ."

"ನಿನ್ನ ಮುಖಾನಾ? ಮಕ್ಕಳು ಪುಸ್ತಕ ಬಿಸಾಕಿ ಓಡಿಹೋಗ್ತಾವೆ."

"ಬಾಯಿಮುಚ್ಕೊಂಡು ಪೆನ್ಸಿಲ್ ಹಿಡ್ಕೊ."

"ನಗು, ಅಕ್ಕಾ."

"ನಗ್ತಾನೇ ಇದ್ದೀನಲ್ಲ!"

"ಇದು ನಗುನಾ? ಕೊನೇ ಬೆಂಚಿನವರು ಎದ್ದು ನಿಂತ್ಕೋತಾರೆ."

ಅಕ್ಕ ಕನ್ನಡಕ ತೆಗೆದಿಟ್ಟಳು. ಸೆರಗು ಸಿಕ್ಕಿಸಿ, ಎರಡೂ ಕೆನ್ನೆ ಉಬ್ಬಿಸಿ, ಕಣ್ಣು ಹೊರಚಾಚಿ "ವಟರ್" ಎಂದಳು. ಇಡೀ ಶಾಲೆಯನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಮುಖ ಅದು. ಚಿತ್ರದತ್ತೆ ಅರ್ಧ ಬಾಯಲ್ಲೇ ಬಿದ್ದು ಬಿದ್ದು ನಕ್ಕಳು. ಅದನ್ನು ನೋಡಿ ಅಕ್ಕನಿಗೂ ತಡೆಯಲಾಗಲಿಲ್ಲ; ಎಲ್ಲಿತ್ತೋ ಅಷ್ಟು ದೊಡ್ಡ ನಗು.

"ಹಾಗೇ ಇರು, ಅಲ್ಲಾಡಬೇಡ!" ಎನ್ನುತ್ತಲೇ ಪೆನ್ಸಿಲ್ ಓಡಿತು.

ಶುಕ್ರವಾರ ಸಂಪಾದಕರು ಪುಟವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಗು ವಾಪಸ್ ಬಂದಿದೆ. ಆದರೆ ಹುಬ್ಬು ನೋಡಿ, ಕಪ್ಪೆಗೆ ಇದೇನು ಗತ್ತು?"

"ಬಡ್ತಿ ಆಗಿದೆ ಅದಕ್ಕೆ," ಎಂದಳು ಚಿತ್ರದತ್ತೆ. "ಈಗ ಹೆಡ್ ಪೋಸ್ಟ್‌ಮ್ಯಾನ್."

ಪುಟ ಹಾಗೇ ಅಚ್ಚಾಯಿತು. ಮುಂದಿನ ಸೋಮವಾರ ಆಕೆ ಹಲಗೆ ಒರೆಸುವಷ್ಟರಲ್ಲಿ ಅಕ್ಕ ಕನ್ನಡಕ ತೆಗೆದು ಎದುರು ಕೂತಾಗಿತ್ತು. "ಈ ವಾರ ಏನು, ಅಳೋದಾ, ಹೆದರೋದಾ? ಬೇಗ ಹೇಳು, ಒಲೆ ಮೇಲೆ ಹಾಲಿಟ್ಟಿದ್ದೀನಿ."